ಬಂದ್ ದಿನದ ವಾಚನಾಲಯ

ಬಂದ್‌ಗೆ ಕರೆ ಕೊಡುವ ಸಂಘಟನೆಗಳು ಹಿಂದಿನ ದಿನ ಪ್ರಕಟಿಸುವ ವಿನಾಯಿತಿಗಳಲ್ಲಿ ಆಸ್ಪತ್ರೆ, ಔಷಧದ ಅಂಗಡಿ, ಹಾಲು, ಆಂಬುಲೆನ್ಸ್ ಮತ್ತು ದಿನಪತ್ರಿಕೆಗಳು ಸಾಮಾನ್ಯವಾಗಿ ಸೇರಿರುತ್ತವೆ. ಆದರೆ ಅದೇ ದಿನಪತ್ರಿಕೆಯನ್ನು ಮನೆಗೆ ತರಿಸಿಕೊಳ್ಳಲಾರದವರು ಹೋಗಿ ಕುಳಿತು ಓದುವ ಸಾರ್ವಜನಿಕ ಗ್ರಂಥಾಲಯಕ್ಕೆ ಆ ಪಟ್ಟಿಯಲ್ಲಿ ಜಾಗವಿರುವುದಿಲ್ಲ. ಇದನ್ನು ಯಾರೂ ಬೇಕೆಂದೇ ಬಿಟ್ಟದ್ದಲ್ಲ. ಗ್ರಂಥಾಲಯವೆಂದರೆ ಬಿಡುವಿದ್ದವರು ಹೋಗುವ ಜಾಗ ಎಂಬ ತಿಳಿವಳಿಕೆ ಹೋರಾಟಗಾರರಲ್ಲಿ ಇರುವಷ್ಟೇ ಆಡಳಿತದಲ್ಲಿಯೂ ಇದೆ, ಅದನ್ನು ಅಗತ್ಯ ಸೇವೆಯೆಂದು ಎಣಿಸುವ ರೂಢಿ ಬೆಳೆದೇ ಇಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಮಟ್ಟಿಗೆ ಈ ತಿಳಿವಳಿಕೆಯನ್ನು ಮತ್ತೆ ಪರಿಶೀಲಿಸಲು ಬಲವಾದ ಕಾರಣಗಳಿವೆ. ಏಕೆಂದರೆ ನಾಗರಿಕ ಅಶಾಂತಿ, ಅಂದರೆ ಬೀದಿಗಿಳಿದ ಜನರ ಆಕ್ರೋಶದಿಂದ ದಿನನಿತ್ಯದ ವ್ಯವಹಾರ ನಿಂತುಹೋಗುವ ಸ್ಥಿತಿ, ಇಲ್ಲಿ ಆಕಸ್ಮಿಕವಾಗಿ ಬಂದು ಹೋಗುವ ಸಂಗತಿಯಲ್ಲ. ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಕಾವೇರಿ ನೀರಿನ ಹಂಚಿಕೆಯ ವಿವಾದದಿಂದಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅದು ಬರಬಹುದೆಂದು ಮೊದಲೇ ಅಂದಾಜು ಮಾಡಬಹುದು.

ಕಾವೇರಿ ಜಲವಿವಾದ ನ್ಯಾಯಮಂಡಳಿ ರಚನೆಯಾದದ್ದು 1990ರ ಜೂನ್ 2ರಂದು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಸಿಗಬೇಕೆಂದು ಅದು 1991ರ ಜೂನ್ 25ರಂದು ನೀಡಿದ ಮಧ್ಯಂತರ ಆದೇಶಕ್ಕೆ ಎದುರಾಗಿ ಎಸ್. ಬಂಗಾರಪ್ಪನವರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ಅಭಿಪ್ರಾಯಪಟ್ಟ ಮೇಲೆ ಡಿಸೆಂಬರ್‌ನಲ್ಲಿ ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾಯಿತು, ಅದರ ಬೆನ್ನಿಗೇ ಬೆಂಗಳೂರು ಮತ್ತು ಕಾವೇರಿ ಸೀಮೆಯಲ್ಲಿ ಗಲಭೆಗಳಾದವು. 2002ರ ಸೆಪ್ಟೆಂಬರ್‌ನಲ್ಲಿ ದಿನಕ್ಕೆ 1.25 ಟಿಎಂಸಿ ಬಿಡಬೇಕೆಂಬ ಸುಪ್ರೀಂ ಕೋರ್ಟ್ ಸೂಚನೆ ಬಂದಾಗ ಮಂಡ್ಯ ಜಿಲ್ಲೆ ವಾರಗಟ್ಟಲೆ ಕುದಿಯಿತು, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೇ ಆದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಹೊರಟರು. 2012ರಲ್ಲಿ ಮತ್ತೆ ಅದೇ ಕಥೆ. 2016ರ ಸೆಪ್ಟೆಂಬರ್ 5ರಂದು ಹತ್ತು ದಿನಗಳ ಕಾಲ 15,000 ಕ್ಯುಸೆಕ್‌ನಂತೆ ನೀರು ಬಿಡಬೇಕೆಂಬ ಆದೇಶ ಹೊರಬಿತ್ತು. ಮರುದಿನ ಮಂಡ್ಯ ಬಂದ್, 9ರಂದು ಕರ್ನಾಟಕ ಬಂದ್, ಆದೇಶ ಮಾರ್ಪಾಡಾದ 12ರಂದು ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಮತ್ತು ಕರ್ಫ್ಯೂ. 2023ರ ಸೆಪ್ಟೆಂಬರ್ 23ರಂದು ಮಂಡ್ಯ, 26ರಂದು ಬೆಂಗಳೂರು, 29ರಂದು ಇಡೀ ರಾಜ್ಯ ಬಾಗಿಲು ಮುಚ್ಚಿದವು. ಈ ದಶಕಗಳುದ್ದಕ್ಕೂ ಕಾವೇರಿ ಹಿತರಕ್ಷಣಾ ಸಮಿತಿಯ ಮುಂಚೂಣಿಯಲ್ಲಿದ್ದ ಜಿ. ಮಾದೇಗೌಡರು 2021ರಲ್ಲಿ ತೀರಿಕೊಂಡರು, ಆದರೆ ಮಂಡ್ಯದ ವಿಶ್ವೇಶ್ವರಯ್ಯ ಪ್ರತಿಮೆಯ ಎದುರಿನ ಧರಣಿಯ ಜಾಗ ಬದಲಾಗಲಿಲ್ಲ.

ಬಂದ್ ಎಂಬುದರ ಕಾನೂನಿನ ಸ್ಥಾನವನ್ನೂ ಇಲ್ಲಿ ತಿಳಿಯಬೇಕು. 1997ರಲ್ಲಿ ಕೇರಳ ಹೈಕೋರ್ಟ್ ಬಂದ್‌ಗೂ ಹರತಾಳಕ್ಕೂ ವ್ಯತ್ಯಾಸ ಮಾಡಿ, ತಾನು ಕೆಲಸ ನಿಲ್ಲಿಸುವುದು ಪ್ರತಿಭಟನೆಯ ಹಕ್ಕು, ಇತರರನ್ನು ಬಲವಂತದಿಂದ ನಿಲ್ಲಿಸುವುದು ಅಸಾಂವಿಧಾನಿಕ ಎಂದು ತೀರ್ಪಿತ್ತಿತು; ಸುಪ್ರೀಂ ಕೋರ್ಟ್ ಅದೇ ವರ್ಷ ಅದನ್ನು ಎತ್ತಿಹಿಡಿಯಿತು. ಹಾಗಿದ್ದೂ ಕಾವೇರಿ ಸೀಮೆಯ ಬಂದ್‌ಗಳಲ್ಲಿ ಬಲವಂತಕ್ಕಿಂತ ಸಮ್ಮತಿಯ ಪಾಲು ದೊಡ್ಡದೆಂಬುದನ್ನು ಒಪ್ಪಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗಕ್ಕೆ ಸೇರಿದ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅಂಗಡಿಯವನ ವ್ಯಾಪಾರ ರೈತನ ಭತ್ತ, ಕಬ್ಬುಗಳನ್ನೇ ನಂಬಿಕೊಂಡಿರುವುದರಿಂದ, ನಾಲೆ ಒಣಗಿದರೆ ತನ್ನ ಗಲ್ಲಾಪೆಟ್ಟಿಗೆಯೂ ಒಣಗುತ್ತದೆಂದು ತಿಳಿದೇ ಅವನು ಬಾಗಿಲು ಎಳೆಯುತ್ತಾನೆ. ಆದ್ದರಿಂದ ಗ್ರಂಥಾಲಯ ತೆರೆದಿರಬೇಕೆಂಬ ವಾದವನ್ನು ಬಂದ್ ಮುರಿಯಬೇಕೆಂಬ ವಾದದೊಂದಿಗೆ ಬೆರೆಸಬಾರದು. ಔಷಧದ ಅಂಗಡಿ ತೆರೆದಿದ್ದರೆ ಹೋರಾಟ ಸೋತಿತೆಂದು ಯಾರೂ ಭಾವಿಸುವುದಿಲ್ಲವಷ್ಟೆ.

ಗ್ರಂಥಾಲಯಕ್ಕೆ ಆ ಬಗೆಯ ಸ್ಥಾನವನ್ನು ಕೇಳಲು ಆಧಾರವಿರುವುದು ಅದರ ಕಾನೂನಿನಲ್ಲಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ, ಆಗಿನ ಹೆಸರಿನಲ್ಲಿ ಮೈಸೂರು ರಾಜ್ಯದ ಕಾಯ್ದೆ, 1965ರಲ್ಲಿ ಅಂಗೀಕಾರವಾಯಿತು. ಮರುವರ್ಷ ಗ್ರಂಥಾಲಯ ಇಲಾಖೆ ಸ್ವತಂತ್ರವಾಗಿ ನಿಂತಿತು. ಈ ಕಾಯ್ದೆಯ ಹೃದಯಭಾಗದಲ್ಲಿರುವುದು ಗ್ರಂಥಾಲಯ ಕರ. ಆಸ್ತಿ ತೆರಿಗೆಯ ಜೊತೆಗೆ ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕಾದ ಈ ಕರ ಈಗ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟಿದೆ. ವಸೂಲಾದದ್ದೆಲ್ಲ ಕಾಲಕ್ಕೆ ಸರಿಯಾಗಿ ದಾಟುವುದಿಲ್ಲವೆಂಬ ದೂರು ಹಳೆಯದು, ಬೆಂಗಳೂರಿನ ಹಿಂದಿನ ಮಹಾನಗರ ಪಾಲಿಕೆಯ ಬಾಕಿಯೇ ಅದಕ್ಕೆ ಪ್ರಸಿದ್ಧ ನಿದರ್ಶನ. ಆದರೂ ತತ್ವ ಸ್ಪಷ್ಟವಾಗಿದೆ: ಮಂಡ್ಯದ ಮನೆಮಾಲೀಕನೊಬ್ಬ ಕಟ್ಟುವ ತೆರಿಗೆಯ ಒಂದು ಭಾಗ ನೇರವಾಗಿ ವಾಚನಾಲಯದ ಮೇಜು, ಕುರ್ಚಿ, ಪತ್ರಿಕೆಗಳಿಗೆ ಹೋಗಬೇಕೆಂದು ಕಾನೂನೇ ಹೇಳಿರುವುದರಿಂದ, ಈ ಸಂಸ್ಥೆ ಸರ್ಕಾರದ ಕೃಪೆಯಿಂದ ನಡೆಯುವ ಕಚೇರಿಯಲ್ಲ, ಊರಿನವರು ಪ್ರತ್ಯೇಕವಾಗಿ ದುಡ್ಡು ಕೊಟ್ಟು ಇಟ್ಟುಕೊಂಡಿರುವ ಸ್ವತ್ತು. ಆಡಳಿತದ ಮೇಲಿನ ಸಿಟ್ಟು ತಾಲ್ಲೂಕು ಕಚೇರಿಯ ಬಾಗಿಲಿಗೆ ಬೀಗ ಹಾಕಿಸುವುದು ಅರ್ಥವಾಗುತ್ತದೆ. ಅದೇ ಬೀಗ ವಾಚನಾಲಯಕ್ಕೆ ಬಿದ್ದರೆ ಸಿಟ್ಟಾದವರು ತಮ್ಮ ಮನೆಗೇ ಬೀಗ ಹಾಕಿಕೊಂಡಂತೆ. ಕಾಯ್ದೆಯ ಹಿಂದೆ ಎಸ್.ಆರ್. ರಂಗನಾಥನ್ ಅವರ ಚಿಂತನೆಯ ಪ್ರಭಾವವಿತ್ತು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಪುಸ್ತಕ ಇರುವುದು ಬಳಕೆಗೆ ಎಂಬಲ್ಲಿಂದ ಆರಂಭವಾಗುತ್ತವೆ, ಬಳಕೆಗೆ ಬಾಗಿಲು ತೆರೆದಿರಬೇಕೆಂಬುದು ಅದರ ಮೊದಲ ತಾತ್ಪರ್ಯ.

ಅಶಾಂತಿಯ ನಡುವೆ ತೆರೆದಿದ್ದ ಗ್ರಂಥಾಲಯವೊಂದು ಏನು ಮಾಡಬಹುದೆಂಬುದಕ್ಕೆ ಚೆನ್ನಾಗಿ ದಾಖಲಾದ ಪ್ರಸಂಗ ಅಮೆರಿಕದ ಮಿಸೌರಿ ರಾಜ್ಯದ ಫರ್ಗ್ಯೂಸನ್ ಎಂಬ ಊರಿನದು. ಸುಮಾರು 21,000 ಜನಸಂಖ್ಯೆಯ, ಅಂದರೆ ಮದ್ದೂರಿಗಿಂತ ಚಿಕ್ಕದಾದ ಆ ಪಟ್ಟಣದಲ್ಲಿ 2014ರ ಆಗಸ್ಟ್ 9ರಂದು ಮೈಕೆಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಯುವಕ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ ಮೇಲೆ ವಾರಗಟ್ಟಲೆ ಪ್ರತಿಭಟನೆ, ಅಶ್ರುವಾಯು, ಲೂಟಿ, ಬಂಧನಗಳು ನಡೆದವು. ಆ ತಿಂಗಳ ಮಧ್ಯದಲ್ಲಿ ತೆರೆಯಬೇಕಿದ್ದ ಶಾಲೆಗಳನ್ನು ಮುಂದೂಡಲಾಯಿತು. ಊರಿನ ಗ್ರಂಥಾಲಯದಲ್ಲಿ ಆಗ ಪೂರ್ಣಾವಧಿಯ ಗ್ರಂಥಪಾಲಕರೆಂದು ಇದ್ದವರು ಒಬ್ಬರೇ, ಕೆಲವೇ ವಾರಗಳ ಹಿಂದೆ ನಿರ್ದೇಶಕರಾಗಿ ಸೇರಿದ್ದ ಸ್ಕಾಟ್ ಬಾನರ್. ಅವರು ಬಾಗಿಲು ಮುಚ್ಚಲಿಲ್ಲ. ಶಾಲೆಯಿಲ್ಲದೆ ಮನೆಯಲ್ಲಿ ಕುಳಿತಿದ್ದ ಮಕ್ಕಳಿಗೆ ಪಾಠ ಹೇಳಿಕೊಡಲು ಶಿಕ್ಷಕರು ಮುಂದೆ ಬಂದಾಗ ಗ್ರಂಥಾಲಯ ತನ್ನ ಕೋಣೆಗಳನ್ನು ಬಿಟ್ಟುಕೊಟ್ಟಿತು. ಮಕ್ಕಳ ಸಂಖ್ಯೆ ಬೆಳೆದು ಜಾಗ ಸಾಲದಾದಾಗ ಹತ್ತಿರದ ಚರ್ಚು ತನ್ನ ಸಭಾಂಗಣವನ್ನು ಕೊಟ್ಟಿತು.

ಈ ಪ್ರಸಂಗದಲ್ಲಿ ಪ್ರಚಾರ ಸಿಕ್ಕಿದ್ದು ಮಕ್ಕಳ ಪಾಠಕ್ಕೆ, ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ. ಗಲಭೆಯಲ್ಲಿ ಅಂಗಡಿ ಕಳೆದುಕೊಂಡ, ವ್ಯಾಪಾರ ಕುಸಿದ ಸಣ್ಣ ಉದ್ಯಮಿಗಳಿಗೆ ತುರ್ತು ಸಾಲ ನೀಡುವ ಸರ್ಕಾರಿ ಸಂಸ್ಥೆ ತನ್ನ ಅರ್ಜಿ ಮೇಜನ್ನು ಗ್ರಂಥಾಲಯದೊಳಗೇ ಇಟ್ಟಿತು. ಅರ್ಜಿದಾರ ಪೊಲೀಸ್ ಠಾಣೆಯ ಬಳಿಗೋ ಆಡಳಿತ ಕಚೇರಿಗೋ ಹೋಗಲು ಹಿಂಜರಿಯುತ್ತಿದ್ದ ದಿನಗಳಲ್ಲಿ ಗ್ರಂಥಾಲಯಕ್ಕೆ ಹೋಗಲು ಹಿಂಜರಿಯಲಿಲ್ಲ, ಏಕೆಂದರೆ ಅಲ್ಲಿ ಯಾರೂ ಯಾರನ್ನೂ ಯಾವ ಪಕ್ಷದವನೆಂದು ಕೇಳುತ್ತಿರಲಿಲ್ಲ. ನವೆಂಬರ್ 24ರಂದು ಪೊಲೀಸ್ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ನಿರ್ಧಾರ ಪ್ರಕಟವಾಗಿ ಹಿಂಸೆ ಮತ್ತೆ ಭುಗಿಲೆದ್ದಾಗಲೂ ಗ್ರಂಥಾಲಯ ಕೆಲಸ ಮಾಡಿತು. ಅದರ ಸುದ್ದಿ ಹರಡಿ ದೂರದೂರದ ಜನ ಕಳಿಸಿದ ದೇಣಿಗೆ ಮೂರೂವರೆ ಲಕ್ಷ ಡಾಲರ್ ದಾಟಿತು, ಮರುವರ್ಷ ಆ ದೇಶದ ವರ್ಷದ ಗ್ರಂಥಾಲಯ ಎಂಬ ಗೌರವವೂ ಬಂತು. 2015ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್ ನಗರದಲ್ಲಿ ಗಲಭೆಯಾದಾಗ ಎನಾಕ್ ಪ್ರ್ಯಾಟ್ ಗ್ರಂಥಾಲಯದ ಶಾಖೆಯೊಂದು, ಎದುರಿನ ಚೌಕದಲ್ಲೇ ಔಷಧದ ಅಂಗಡಿ ಸುಟ್ಟುಹೋಗಿದ್ದರೂ, ಮರುದಿನ ಬೆಳಿಗ್ಗೆ ಎಂದಿನಂತೆ ತೆರೆಯಿತು. ಆ ಗ್ರಂಥಾಲಯ ವ್ಯವಸ್ಥೆಯ ಮುಖ್ಯಸ್ಥೆಯಾಗಿದ್ದ ಕಾರ್ಲಾ ಹೇಡನ್ ಮರುವರ್ಷ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವೆಂದೇ ಹೇಳಬಹುದಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಹೊಣೆ ಹೊತ್ತರು.

ಇವನ್ನು ಓದಿ ಮಂಡ್ಯದಲ್ಲೂ ಹೀಗೆಯೇ ಮಾಡಬೇಕೆನ್ನುವುದು ಸುಲಭ, ಆದರೆ ಅದು ಅಷ್ಟು ಸರಿಯಲ್ಲ. ಫರ್ಗ್ಯೂಸನ್ನಿನ ಜನರಿಗೆ ಅಂದು ಬೇಕಿದ್ದದ್ದು ಮಕ್ಕಳಿಗೆ ಜಾಗ ಮತ್ತು ಹೆದರಿಕೆಯಿಲ್ಲದ ಒಂದು ಕೋಣೆ. ತಮ್ಮೂರಲ್ಲಿ ಏನಾಯಿತೆಂಬುದು ಅವರಿಗೆ ಗೊತ್ತೇ ಇತ್ತು. ಕಾವೇರಿ ಚಳವಳಿಯ ದಿನಗಳಲ್ಲಿ ಮಂಡ್ಯದವರಿಗೂ ಕೋಣೆ ಬೇಕು, ಶಾಲೆ ಕಾಲೇಜುಗಳಿಗೆ ರಜೆ ಘೋಷಣೆಯಾದಾಗ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹಳ್ಳಿಯ ಹುಡುಗ ಹುಡುಗಿಯರಿಗೆ ಕೂರಲು ಬೇರೆ ತಾಣವೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ಬೇಕಿರುವುದು ತಿಳಿವಳಿಕೆ, ಏಕೆಂದರೆ ಇಲ್ಲಿಯ ಅಶಾಂತಿಯ ಮೂಲದಲ್ಲಿರುವುದು ಕಾಗದಗಳು: ಒಪ್ಪಂದ, ಐತೀರ್ಪು, ಆದೇಶ, ಮಾಪನದ ಪಟ್ಟಿ. 1892 ಮತ್ತು 1924ರ ಒಪ್ಪಂದಗಳು, ಐದು ಸಂಪುಟಗಳಲ್ಲಿ ಬಂದ 2007ರ ಅಂತಿಮ ಐತೀರ್ಪು, 465 ಪುಟಗಳ 2018ರ ಸುಪ್ರೀಂ ಕೋರ್ಟ್ ತೀರ್ಪು, ಇವೆಲ್ಲ ಇಂಗ್ಲಿಷಿನಲ್ಲಿವೆ. ಯಾವ ರೈತನ ಹೊಲಕ್ಕೆ ಬರುವ ನೀರನ್ನು ಈ ಕಾಗದಗಳು ನಿರ್ಧರಿಸುತ್ತವೆಯೋ ಆ ರೈತನಿಗೆ ಅವು ತಲುಪುವುದು ಭಾಷಣಕಾರನ ಧ್ವನಿವರ್ಧಕದ ಮೂಲಕ, ಈಚೆಗೆ ಮೊಬೈಲಿಗೆ ಬಂದು ಬೀಳುವ ತುಣುಕುಗಳ ಮೂಲಕ.

ಒಂದು ಸಣ್ಣ ಲೆಕ್ಕದಿಂದ ಇದನ್ನು ವಿವರಿಸಬಹುದು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅದು ನೀರಿನ ಪ್ರಮಾಣ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್, ಅದು ಹರಿವಿನ ದರ. ಒಂದು ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಸುಮಾರು 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿಯಾಗುತ್ತದೆ. ಈ ಲೆಕ್ಕ ತಿಳಿದವನಿಗೆ 2016ರ ಆದೇಶದ 15,000 ಕ್ಯುಸೆಕ್ ಹತ್ತು ದಿನಕ್ಕೆ ಸುಮಾರು 13 ಟಿಎಂಸಿ ಎಂಬುದು ಹೊಳೆಯುತ್ತದೆ, 49.45 ಟಿಎಂಸಿ ಹಿಡಿಸುವ ಕೃಷ್ಣರಾಜಸಾಗರದ ಎದುರಿಗೆ ಆ ಸಂಖ್ಯೆ ಎಷ್ಟು ಭಾರವೆಂಬುದೂ ತಿಳಿಯುತ್ತದೆ, ಆದೇಶ ಕಾವೇರಿ ಕೊಳ್ಳದ ಇತರ ಜಲಾಶಯಗಳಿಗೂ ಅನ್ವಯಿಸುವುದರಿಂದ ಅಷ್ಟೂ ನೀರು ಒಂದೇ ಕಟ್ಟೆಯಿಂದ ಹೋಗಬೇಕಿಲ್ಲವೆಂಬುದೂ ತಿಳಿಯುತ್ತದೆ. ತಿಳಿಯದವನಿಗೆ 15,000 ಎಂಬುದು ಬರೀ ದೊಡ್ಡ ಸಂಖ್ಯೆ. ಕಟ್ಟೆಯ ಮಟ್ಟದ ವಿಷಯವೂ ಹೀಗೆಯೇ: ಪೂರ್ಣಮಟ್ಟ 124.80 ಅಡಿ ಇರುವಾಗ 100 ಅಡಿ ನೀರಿದೆಯೆಂದರೆ ಐದರಲ್ಲಿ ನಾಲ್ಕು ಪಾಲು ಉಳಿದಿದೆಯೆಂದು ತೋರುತ್ತದೆ, ಆದರೆ ಜಲಾಶಯ ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತ ಹೋಗುವುದರಿಂದ ಆ ಮಟ್ಟದಲ್ಲಿ ಉಳಿದಿರುವುದು ಅರ್ಧಕ್ಕಿಂತಲೂ ಕಡಿಮೆ. ಮಂಡ್ಯದ ರೈತನ ಆತಂಕಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಬೇರೆ ಬೇಕಿಲ್ಲ, ಆದರೂ ಅದು ವೇದಿಕೆಗಳ ಮೇಲೆ ಅಪರೂಪಕ್ಕೆ ಕೇಳಿಸುತ್ತದೆ.

2018ರ ಫೆಬ್ರುವರಿ 16ರ ತೀರ್ಪು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು; ಹೆಚ್ಚಾದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, ಉಳಿದ 10 ಟಿಎಂಸಿ ತಮಿಳುನಾಡಿನಲ್ಲಿ ಲಭ್ಯವಿರುವ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದುದರಿಂದ ಬಂದದ್ದು. ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ ಕರ್ನಾಟಕ ತೋರಿಸಬೇಕಾದ ವಾರ್ಷಿಕ ಹರಿವು 192ರಿಂದ 177.25ಕ್ಕೆ ಇಳಿಯಿತು. ಈ ಪ್ರಮಾಣ ತಿಂಗಳುಗಳಿಗೆ ಹಂಚಿಹೋಗಿದೆ: ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76 ಟಿಎಂಸಿ. ನಾಲ್ಕೇ ತಿಂಗಳಲ್ಲಿ 123 ಟಿಎಂಸಿಗೂ ಹೆಚ್ಚು ನೀರು ಹರಿಯಬೇಕಾಗಿರುವುದರಿಂದ, ಕೊಡಗಿನಲ್ಲಿ ಜುಲೈ ಮಳೆ ಕಡಿಮೆಯಾದ ವರ್ಷ ಬಿಕ್ಕಟ್ಟು ಆಗಸ್ಟ್ ಸೆಪ್ಟೆಂಬರ್‌ನಲ್ಲೇ ಏಕೆ ಸ್ಫೋಟಿಸುತ್ತದೆಂಬುದಕ್ಕೆ ಉತ್ತರ ಈ ಪಟ್ಟಿಯಲ್ಲೇ ಇದೆ. ಜಿಲ್ಲಾ ಕೇಂದ್ರ ಗ್ರಂಥಾಲಯದ ಗೋಡೆಗೆ ಈ ಪಟ್ಟಿಯನ್ನೂ, ಅದರ ಪಕ್ಕಕ್ಕೆ ಆ ದಿನದ ಒಳಹರಿವು, ಹೊರಹರಿವು, ಮಟ್ಟಗಳನ್ನೂ ಕನ್ನಡದಲ್ಲಿ ಬರೆದು ಹಾಕಲು ಕಪ್ಪು ಹಲಗೆಯೊಂದು ಸಾಕು. ಈ ಅಂಕಿಗಳು ಗುಟ್ಟಿನವಲ್ಲ, ಪತ್ರಿಕೆಗಳಲ್ಲಿ ನಿತ್ಯ ಬರುತ್ತವೆ. ಚದುರಿ ಬರುವ ಅವನ್ನು ಒಂದು ಕಡೆ, ವರ್ಷದಿಂದ ವರ್ಷಕ್ಕೆ ಹೋಲಿಸಲು ಬರುವಂತೆ ಜೋಡಿಸಿಡುವುದೇ ಗ್ರಂಥಪಾಲಕನ ವೃತ್ತಿ.

ಮದ್ದೂರು, ಮಳವಳ್ಳಿಯ ಗ್ರಂಥಾಲಯಗಳ ಕೆಲಸ ಇನ್ನೂ ಸೂಕ್ಷ್ಮ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡು 1902ರಲ್ಲಿ ಕೆಲಸ ಆರಂಭಿಸಿದ ಜಲವಿದ್ಯುತ್ ಕೇಂದ್ರ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿದೆ. ಕಾವೇರಿಯ ನೀರು ಬೆಳಕಾಗಿ ಕೋಲಾರದ ಗಣಿಗೂ ಬೆಂಗಳೂರಿಗೂ ಹೋದ ತಾಲ್ಲೂಕಿನಲ್ಲೇ ನಾಲೆಯ ಕೊನೆ ಭಾಗದ ರೈತರು ಸರದಿಯ ನೀರಿಗೆ ಕಾಯುವ ಪರಿಸ್ಥಿತಿ ಇದೆ. ನಾಲೆಗೆ ನೀರು ಬಿಡುವ ದಿನಾಂಕ, ಸರದಿಯ ವಿವರ, ಯಾವ ಬೆಳೆ ಹಾಕಬಹುದು, ಹಾಕಬಾರದೆಂಬ ಪ್ರಕಟಣೆ, ಬೆಳೆ ಹಾನಿಯ ಪರಿಹಾರಕ್ಕೆ ಬೇಕಾದ ಅರ್ಜಿ, ಬೆಳೆ ವಿಮೆಯ ಕಡೆಯ ದಿನ, ಇವು ತೀರ್ಪಿನ ಸಂಪುಟಗಳಿಗಿಂತ ಹತ್ತಿರದ ಮಾತುಗಳು. ರಸ್ತೆ ತಡೆಯಿಂದ ಬಸ್ಸು ನಿಂತು ತಾಲ್ಲೂಕು ಕಚೇರಿಗೆ ಹೋಗಲಾಗದ ವಾರದಲ್ಲಿ ಹಳ್ಳಿಯ ಗ್ರಂಥಾಲಯವೇ ಈ ಕಾಗದಗಳು ಸಿಗುವ ಜಾಗವಾಗಬಹುದು. ಫರ್ಗ್ಯೂಸನ್ನಿನ ಸಾಲದ ಮೇಜು ನಿಜವಾಗಿ ಹೊಂದಿಕೊಳ್ಳುವುದು ಇಲ್ಲಿ.

ಇಷ್ಟಾದರೂ ಗ್ರಂಥಾಲಯ ಹೋರಾಟದ ಕಚೇರಿಯಲ್ಲ ಎಂಬ ಗೆರೆಯನ್ನು ದಾಟಬಾರದು. ಶ್ರೀಲಂಕಾದ ಜಾಫ್ನಾದಲ್ಲಿ 1981ರ ಮೇ 31ರ ರಾತ್ರಿ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿಯಿಟ್ಟು ಸುಮಾರು 97,000 ಗ್ರಂಥಗಳನ್ನು ಸುಟ್ಟವರು ಅದನ್ನು ಎಲ್ಲರ ಆಸ್ತಿಯೆಂದು ಕಾಣದೆ ತಮಿಳರ ಆಸ್ತಿಯೆಂದು ಕಂಡಿದ್ದರು. ಇದಕ್ಕೆ ಎದುರಾದ ನಿದರ್ಶನ ಈಜಿಪ್ಟಿನ ಅಲೆಕ್ಸಾಂಡ್ರಿಯಾದ್ದು: 2011ರ ಜನವರಿಯ ಕ್ರಾಂತಿಯಲ್ಲಿ ಪೊಲೀಸರು ಬೀದಿಯಿಂದ ಮಾಯವಾದಾಗ ಪ್ರತಿಭಟನೆಗೆ ಬಂದಿದ್ದ ಯುವಕರೇ ಕೈ ಕೈ ಹಿಡಿದು ಗ್ರಂಥಾಲಯದ ಸುತ್ತ ನಿಂತು ಅದನ್ನು ಕಾದರು. ಎಲ್ಲರದೆಂಬ ನಂಬಿಕೆ ಕಟ್ಟಡಕ್ಕೆ ಪೊಲೀಸ್ ಕಾವಲಿಗಿಂತ ದೊಡ್ಡ ರಕ್ಷಣೆ. ಆ ನಂಬಿಕೆ ಮಂಡ್ಯದ ಗ್ರಂಥಾಲಯಕ್ಕೆ ಬರಬೇಕಾದರೆ ತಂಜಾವೂರಿನ ರೈತನ ವಾದವೂ ಅದರ ಕಪಾಟಿನಲ್ಲಿ, ಕನ್ನಡದಲ್ಲಿ, ಸಿಗಬೇಕು. ಕುರುವೈ ಎಂದು ಅಲ್ಲಿ ಕರೆಯುವ ಅಲ್ಪಾವಧಿ ಭತ್ತಕ್ಕೆ ಜೂನ್‌ನಲ್ಲಿ ಮೆಟ್ಟೂರು ಕಟ್ಟೆಯ ನೀರು ಏಕೆ ಬೇಕೆಂಬುದು ಓದುಗನಿಗೆ ತಿಳಿಯಬೇಕು. ಇದನ್ನು ಕೇಳಿ ಮುಖ ಗಂಟಿಕ್ಕುವವರು ಇರಬಹುದು, ಆದರೆ ಎದುರಾಳಿಯ ವಾದವನ್ನು ಓದದೆ ಯಾವ ವಕೀಲನೂ ನ್ಯಾಯಾಲಯಕ್ಕೆ ಹೋಗುವುದಿಲ್ಲ. 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ನೆರವಿನಿಂದ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂಬ ಹೆಸರಿನಲ್ಲಿ ಕೂಡಿ ಮಾತಾಡಿದ್ದರು. ಆ ಮಾತುಕತೆಯಿಂದ ಒಪ್ಪಂದವೇನೂ ಹುಟ್ಟಲಿಲ್ಲವಾದರೂ ಬಂದ್‌ಗಳಿಂದ ಹುಟ್ಟದ ಪರಿಚಯವೊಂದು ಹುಟ್ಟಿತ್ತು.

ಕಾವೇರಿಗೆ ಸಂಬಂಧಿಸದ ಅಶಾಂತಿಯನ್ನೂ ಈ ಜಿಲ್ಲೆ ಈಚೆಗೆ ಕಂಡಿದೆ. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ, 2025ರ ಸೆಪ್ಟೆಂಬರ್ 7ರಂದು ಮದ್ದೂರಿನಲ್ಲಿ ಗಣೇಶ ಮೆರವಣಿಗೆಯ ಹೊತ್ತಿನಲ್ಲಿ ಘರ್ಷಣೆಗಳಾಗಿ ನಿಷೇಧಾಜ್ಞೆ ಜಾರಿಯಾಯಿತು. ನೀರಿನ ಚಳವಳಿಯಲ್ಲಿ ಇಡೀ ಊರು ಒಂದು ಕಡೆ ನಿಂತರೆ ಇಂಥ ಸಂದರ್ಭದಲ್ಲಿ ಊರೇ ಎರಡಾಗಿ ಒಡೆಯುವುದರಿಂದ ಗ್ರಂಥಾಲಯದ ಕಷ್ಟ ಇಮ್ಮಡಿಯಾಗುತ್ತದೆ. ಇಲ್ಲಿ ಕಪ್ಪು ಹಲಗೆಯ ಅಂಕಿಗಳಿಂದ ಪ್ರಯೋಜನವಿಲ್ಲ. ಎರಡೂ ಬೀದಿಯ ಮಕ್ಕಳು ಒಂದೇ ಮೇಜಿನಲ್ಲಿ ಕೂರುವ ಅಭ್ಯಾಸ ಮೊದಲೇ ಇದ್ದರೆ ಮಾತ್ರ ಗಲಭೆಯ ಮರುದಿನ ಆ ಮೇಜಿಗೆ ಏನಾದರೂ ಬೆಲೆ. ಮೊದಲು ಇಲ್ಲದ ವಿಶ್ವಾಸವನ್ನು ಗಲಭೆಯ ವಾರದಲ್ಲಿ ಹುಟ್ಟಿಸುವುದು ಯಾವ ಗ್ರಂಥಪಾಲಕನಿಂದಲೂ ಆಗದು. ಸಿಬ್ಬಂದಿಯ ಸುರಕ್ಷತೆಯೂ ಗಂಭೀರ ಪ್ರಶ್ನೆ. ಗೌರವಧನದ ಮೇಲೆ ದುಡಿಯುವ ಮೇಲ್ವಿಚಾರಕರನ್ನು, ಅವರಲ್ಲಿ ಮಹಿಳೆಯರೂ ಇರುವಾಗ, ಕಲ್ಲು ತೂರುವ ಬೀದಿಯಲ್ಲಿ ಬಾಗಿಲು ತೆರೆದು ಕೂರಿ ಎನ್ನಲು ಯಾರಿಗೂ ಹಕ್ಕಿಲ್ಲ, ತೆರೆಯಬೇಕೆಂಬ ವಾದ ಅಲ್ಲಿಗೆ ನಿಲ್ಲಬೇಕು.

ನಿಷೇಧಾಜ್ಞೆ ಎಂಬುದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನ ಅಡಿಯಲ್ಲಿ ದಂಡಾಧಿಕಾರಿ ಹೊರಡಿಸುವ ಆದೇಶ. ರೂಢಿಯಲ್ಲಿ ಅದು ಗುಂಪುಗೂಡುವುದನ್ನು, ಮೆರವಣಿಗೆಯನ್ನು, ಆಯುಧ ಹಿಡಿಯುವುದನ್ನು ತಡೆಯುತ್ತದೆ. ಮದ್ದೂರು ಸೀಮೆಗೆ ಅದು ಹೊಸದಲ್ಲ: 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಶಿವಪುರದಲ್ಲಿ ಸೇರಿದ್ದ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಧ್ವಜಾರೋಹಣದ ಮೇಲಿನ ನಿಷೇಧವನ್ನು ಮುರಿದೇ ಧ್ವಜ ಸತ್ಯಾಗ್ರಹವೆಂದು ಹೆಸರಾಯಿತು. ಇಂಥ ಆದೇಶದಲ್ಲಿ ಪರೀಕ್ಷಾ ಕೇಂದ್ರ, ಮದುವೆ, ಶವಯಾತ್ರೆಗಳಿಗೆ ವಿನಾಯಿತಿ ಕೊಡುವ ವಾಡಿಕೆಯಿದೆ. ಒಳಾಂಗಣದಲ್ಲಿ ಮೌನವಾಗಿ ಓದುತ್ತ ಕುಳಿತವರು ಗುಂಪಲ್ಲವೆಂದು ಅದೇ ಆದೇಶದಲ್ಲಿ ಒಂದು ಸಾಲು ಸೇರಿಸಲು ಹೊಸ ಕಾನೂನು ಬೇಕಿಲ್ಲ, ಜಿಲ್ಲಾಧಿಕಾರಿಯ ಸಹಿ ಸಾಕು. ಅಂತರ್ಜಾಲ ಸ್ಥಗಿತಗೊಳಿಸುವ ಪದ್ಧತಿ ದೇಶದಲ್ಲಿ ಬೆಳೆಯುತ್ತಿರುವುದರಿಂದ ಈ ಸಾಲಿನ ಅಗತ್ಯ ಹೆಚ್ಚಿದೆ. 2020ರಲ್ಲಿ ಆರಂಭವಾದ ರಾಜ್ಯದ ಡಿಜಿಟಲ್ ಗ್ರಂಥಾಲಯ ಎಷ್ಟೇ ಜನಪ್ರಿಯವಾಗಿದ್ದರೂ ಮೊಬೈಲ್ ಜಾಲ ನಿಂತ ದಿನ ಅದು ಇಲ್ಲದಂತೆಯೇ, ಗೋಡೆಯಿರುವ ಗ್ರಂಥಾಲಯ ಮಾತ್ರ ಉಳಿಯುತ್ತದೆ.

ಗ್ರಂಥಾಲಯ ತೆರೆದಿಡಬೇಕೆಂಬ ಸುತ್ತೋಲೆಗೆ ಸಹಿ ಯಾರದಾಗಬೇಕೆಂಬುದು ಮಾತ್ರ ಸ್ವಲ್ಪ ತೊಡಕಿನ ವಿಷಯ. ನಗರ, ಪಟ್ಟಣಗಳ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯ ಕೈಯಲ್ಲಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ ಈಗ ‘ಅರಿವು ಕೇಂದ್ರ’ಗಳೆನಿಸಿವೆ. ಮಳವಳ್ಳಿ ಪಟ್ಟಣದ ಗ್ರಂಥಾಲಯಕ್ಕೆ ಒಂದು ಇಲಾಖೆಯ ಸುತ್ತೋಲೆ, ಅದರಾಚೆಯ ಹಳ್ಳಿಯ ಅರಿವು ಕೇಂದ್ರಕ್ಕೆ ಇನ್ನೊಂದು ಇಲಾಖೆಯ ಸುತ್ತೋಲೆ ಬೇಕಾಗುವುದರಿಂದ ಎರಡೂ ಇಲಾಖೆಗಳು ಮಳೆಗಾಲಕ್ಕೆ ಮುಂಚೆಯೇ ಕುಳಿತು ಮಾತಾಡಿಕೊಂಡಿರಬೇಕು, ಆಗಸ್ಟ್‌ನಲ್ಲಿ ಟೈರು ಉರಿಯತೊಡಗಿದ ಮೇಲೆ ಕಡತ ಓಡುವುದಿಲ್ಲ.

ಮೊದಲು ತಿದ್ದಬೇಕಾದದ್ದು ರಜೆಯ ನಿಯಮ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ಹಾಗೂ ತಿಂಗಳ ಎರಡನೆಯ ಮಂಗಳವಾರ ರಜೆ, ಅದರೊಂದಿಗೆ ಸರ್ಕಾರಿ ರಜಾದಿನಗಳು; ಭಾನುವಾರ ಎಲ್ಲರಿಗೂ ಬಿಡುವಿರುವಾಗ ತೆರೆದಿರಬೇಕೆಂಬ ಒಳ್ಳೆಯ ಉದ್ದೇಶದಿಂದ ಹುಟ್ಟಿದ ಏರ್ಪಾಡು ಇದು. 2016ರಲ್ಲಿ ನೀರು ಬಿಡಬೇಕೆಂಬ ಆದೇಶ ಬಂದ ಸೆಪ್ಟೆಂಬರ್ 5 ಸೋಮವಾರವಾಗಿತ್ತು, ಗಣೇಶ ಚತುರ್ಥಿಯೂ ಆಗಿತ್ತು. ಬೆಂಗಳೂರು ಹೊತ್ತಿ ಉರಿದ 12 ಸೋಮವಾರ, ಮರುದಿನ ಎರಡನೆಯ ಮಂಗಳವಾರ. 2025ರಲ್ಲಿ ಮದ್ದೂರಿನ ಘರ್ಷಣೆ ನಡೆದದ್ದು ಭಾನುವಾರ ರಾತ್ರಿ. ನಿಷೇಧಾಜ್ಞೆಯ ನೆರಳಿನಲ್ಲಿ ಕಳೆದ 8 ಸೋಮವಾರ, ಪಟ್ಟಣ ಬಂದ್ ಆದ 9 ಆ ತಿಂಗಳ ಎರಡನೆಯ ಮಂಗಳವಾರ. ಎರಡೂ ಸಲ ಊರಿಗೆ ವಾಚನಾಲಯ ಅತ್ಯಂತ ಅಗತ್ಯವಾಗಿದ್ದ ದಿನಗಳಲ್ಲಿ ಅದು ಮುಚ್ಚಿರಲು ಯಾವ ಹೋರಾಟಗಾರನ ಒತ್ತಾಯವೂ ಬೇಕಿರಲಿಲ್ಲ, ಪಂಚಾಂಗವೇ ಸಾಕಾಗಿತ್ತು. ಜಿಲ್ಲೆಯಲ್ಲಿ ಶಾಲೆಗಳಿಗೆ ತುರ್ತು ರಜೆ ಘೋಷಿಸಿದ ದಿನ ಗ್ರಂಥಾಲಯದ ವಾರದ ರಜೆ ರದ್ದಾಗಿ, ಸಿಬ್ಬಂದಿಗೆ ಅದರ ಬದಲಿ ರಜೆ ಬೇರೆ ದಿನ ಸಿಗುವಂತೆ ಮಾಡಲು ಒಂದು ಸುತ್ತೋಲೆ ಬೇಕು.